ಮಾರ್ಚ್ 31 ತಪ್ಪಿತು, ಪಿಪಿಎಫ್ ಹಣ ಏಪ್ರಿಲ್‌ನಲ್ಲಿ ಹೋಯಿತು: ರಿಟರ್ನ್ ಈಗ ಹೇಗೆ ಸರಿ ಮಾಡುವುದು?

ಪ್ರಶ್ನೆ: ನಾನು ಗಿಣಿಗೇರಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಇಂಜಿನಿಯರ್. ಕೊಪ್ಪಳದಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದ್ದೇನೆ. ಆ ಬಡ್ಡಿಗೆ ಸಿಗುವ ವಿನಾಯಿತಿಗಾಗಿ ಹಳೆ ತೆರಿಗೆ ಪದ್ಧತಿಯಲ್ಲೇ ಇದ್ದೇನೆ. ಪ್ರತಿ ವರ್ಷ ಪಿಪಿಎಫ್ (ಸರ್ಕಾರದ ಭವಿಷ್ಯ ನಿಧಿ) ಖಾತೆಗೆ ಒಂದು ಲಕ್ಷ, ಎನ್‌ಪಿಎಸ್ (ಪಿಂಚಣಿ ಯೋಜನೆ) ಖಾತೆಗೆ ಐವತ್ತು ಸಾವಿರ ಕಟ್ಟುತ್ತೇನೆ. ಈ ಸಲ, 2025ರ ಯುಗಾದಿಗೆ ಯಲಬುರ್ಗಾ ಕಡೆ ನಮ್ಮೂರಿಗೆ ಹೋದವನು ಮಾರ್ಚ್ 31 ದಾಟಿಸಿಬಿಟ್ಟೆ. ಎರಡನ್ನೂ ಏಪ್ರಿಲ್ 3ಕ್ಕೆ ಕಟ್ಟಿದೆ. ಪಿಪಿಎಫ್ ಚೆಕ್ಕಿನ ಮೇಲೆ ಮಾತ್ರ ಮಾರ್ಚ್ 31 ಎಂದೇ ಬರೆದಿದ್ದೆ. ಆಫೀಸಿನವರು ನನ್ನ ಮಾತು ನಂಬಿ ಫಾರ್ಮ್ 16ರಲ್ಲಿ (ಸಂಬಳ, ತೆರಿಗೆಯ ಬಗ್ಗೆ ಕಂಪನಿ ಕೊಡುವ ಪ್ರಮಾಣಪತ್ರ) ಎರಡನ್ನೂ ತೋರಿಸಿದ್ದಾರೆ. ಹೋದ ವರ್ಷವೂ ಹೀಗೇ ಆಗಿತ್ತು. ಪಿಪಿಎಫ್ ಹಣ 2024ರ ಏಪ್ರಿಲ್ 4ಕ್ಕೆ ಹೋಯಿತು, ರಿಟರ್ನ್‌ನಲ್ಲಿ ಮಾರ್ಚ್ ಒಳಗಿನದು ಅಂತ ತೋರಿಸಿದೆ, ಯಾರೂ ಕೇಳಲಿಲ್ಲ. 'ಈ ಸಲವೂ ಹಾಗೇ ಹಾಕು, ಏನೂ ಆಗಲ್ಲ' ಅಂತಾರೆ ಜೊತೆಯವರು. ನನಗೆ ಸಮಾಧಾನ ಇಲ್ಲ. ಏನು ಮಾಡಲಿ? (ಹೆಸರು ಬೇಡ, ಕೊಪ್ಪಳ)

ಉತ್ತರ (2025ರ ಆಗಸ್ಟ್‌ನಲ್ಲಿ ಬರೆದದ್ದು, ಇಲ್ಲಿನ ಗಡುವು, ದರಗಳು ಆಗಿನವು): ಜೊತೆಯವರ ಮಾತು ಬಿಡಿ. ನೀವು ಕಳಿಸಿದ ಪಾಸ್‌ಬುಕ್ಕಿನ ಫೋಟೊ ನೋಡೋಣ. ನನಗೆ ಉತ್ತರ ಸಿಕ್ಕಿದ್ದು ಅಲ್ಲೇ.

ಆ ಪುಟದಲ್ಲಿ ನಾಲ್ಕೇ ಸಾಲು ಮುಖ್ಯ. 14-08-2023ಕ್ಕೆ 2,000 ರೂಪಾಯಿ. ಮಗಳ ಹುಟ್ಟುಹಬ್ಬಕ್ಕೆ ಹಾಕಿದ್ದು ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೀರಿ. ಅದರ ಕೆಳಗೆ 31-03-2024ರ ಬಡ್ಡಿ ಜಮೆ. ಅದರ ಕೆಳಗೆ 04-04-2024ಕ್ಕೆ 1,00,000. ಮತ್ತೊಂದು ವರ್ಷದ ಬಡ್ಡಿ ಆದಮೇಲೆ 03-04-2025ಕ್ಕೆ 1,00,000. ಪಿಪಿಎಫ್ ಬಡ್ಡಿ ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ ಜಮೆ ಆಗುತ್ತದೆ. ನಿಮ್ಮ ಎರಡೂ ಲಕ್ಷಗಳು ಬಡ್ಡಿ ಸಾಲಿನ ಕೆಳಗೆ ಕೂತಿವೆ. ಯಾವ ಅಧಿಕಾರಿ ಆ ಪುಟ ತೆರೆದರೂ ಎರಡು ಕ್ಷಣಕ್ಕೆ ಗೊತ್ತಾಗುತ್ತದೆ. ಚೆಕ್ಕಿನ ಮೇಲೆ ನೀವು ಯಾವ ತಾರೀಕು ಬರೆದಿರಿ ಎಂಬುದು ಅಲ್ಲಿ ಎಲ್ಲೂ ಇಲ್ಲ. ಏಪ್ರಿಲ್‌ನಲ್ಲಿ ಕೌಂಟರಿಗೆ ಕೊಟ್ಟ ಚೆಕ್ಕು ಏಪ್ರಿಲ್‌ನ ಚೆಕ್ಕೇ.

ನೀವು ಶಿಫ್ಟ್‌ನಲ್ಲಿ ಕೆಲಸ ಮಾಡುವವರು, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಯಿತು ಅಂದುಕೊಳ್ಳಿ. ಆರೂ ಹತ್ತಕ್ಕೆ ಹೊರಬಿದ್ದ ಮಾಲನ್ನು ರಾತ್ರಿ ಪಾಳಿಯ ಲಾಗ್‌ಬುಕ್ಕಿಗೆ ಬರೆಯುತ್ತೀರಾ? ಬರೆದರೆ ರಾತ್ರಿಯ ಲೆಕ್ಕ ಉಬ್ಬುತ್ತದೆ, ಬೆಳಗಿನದು ಕುಗ್ಗುತ್ತದೆ, ಮಾಲು ಅಷ್ಟೇ ಇರುತ್ತದೆ. ನೀವು ಮಾಡಿರುವುದು ಅದನ್ನೇ. ಹಣ ಎಲ್ಲೂ ಹೋಗಿಲ್ಲ. ತಪ್ಪು ಪಾಳಿಗೆ ಬರೆದಿದ್ದೀರಿ.

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನಿಮ್ಮ ಸಮಸ್ಯೆಗೆ ದಾರಿ ಇರುವುದೇ ಇಲ್ಲಿ. 2024ರ ಏಪ್ರಿಲ್ 4ರ ಒಂದು ಲಕ್ಷ ಯಾವ ವರ್ಷದ್ದು? 2024-25ರದ್ದು. ಅಂದರೆ ಈಗ ಯಾವ ವರ್ಷದ ಕಂತು ತಪ್ಪಿತು ಅಂತ ಒದ್ದಾಡುತ್ತಿದ್ದೀರೋ, ಆ ವರ್ಷಕ್ಕೆ ಪಿಪಿಎಫ್ ಹಣ ಆಗಲೇ ಬಿದ್ದಿದೆ, ಅದೂ ವರ್ಷದ ನಾಲ್ಕನೇ ದಿನವೇ! ನಿಜಕ್ಕೂ ತಪ್ಪಿದ್ದು 2023-24ರ ಕಂತು. ಆ ವರ್ಷ ಪಿಪಿಎಫ್‌ಗೆ ಹೋಗಿದ್ದು ಮಗಳ ಹುಟ್ಟುಹಬ್ಬದ 2,000 ಮಾತ್ರ. ಆ ಎರಡು ಸಾವಿರವನ್ನು ಸಣ್ಣದು ಅನ್ನಬೇಡಿ. ವರ್ಷಕ್ಕೆ ಕನಿಷ್ಠ 500 ರೂಪಾಯಿ ಬೀಳದಿದ್ದರೆ ಪಿಪಿಎಫ್ ಖಾತೆ ಸ್ಥಗಿತ ಅಂತಾಗುತ್ತದೆ. ಮತ್ತೆ ಜೀವ ಕೊಡಲು ತಪ್ಪಿದ ಪ್ರತಿ ವರ್ಷಕ್ಕೂ 500 ಬಾಕಿ, ಮೇಲೆ 50 ದಂಡ ಕಟ್ಟಬೇಕು. ನಿಮ್ಮನ್ನು ಆ ಓಡಾಟದಿಂದ ಉಳಿಸಿದ್ದು ಮಗಳು.

ಈಗ ಈ ವರ್ಷದ ರಿಟರ್ನ್. ಅಂದರೆ 2024-25ರ ಆದಾಯಕ್ಕೆ ನೀವಿನ್ನೂ ಹಾಕಬೇಕಿರುವ ರಿಟರ್ನ್.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಯಾಕಂದರೆ ಇದನ್ನು ಹಲವರು ಕೇಳುತ್ತಾರೆ. ನಮ್ಮಲ್ಲಿ 80ಸಿ (ಪಿಪಿಎಫ್, ಎಲ್‌ಐಸಿಯಂಥವಕ್ಕೆ ಒಟ್ಟು 1,50,000ದವರೆಗೆ ವಿನಾಯಿತಿ ಕೊಡುವ ಕಲಂ) ಆಗಲಿ, ಎನ್‌ಪಿಎಸ್‌ನ ಹೆಚ್ಚುವರಿ ಐವತ್ತು ಸಾವಿರದ 80ಸಿಸಿಡಿ(1ಬಿ) ಆಗಲಿ, ಹಣ ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ ಹೋಗಿರಬೇಕು. ರಿಟರ್ನ್ ಹಾಕುವ ದಿನದವರೆಗೆ ಟೈಮ್ ಇದೆ ಅನ್ನುವುದು ತಪ್ಪು ತಿಳಿವಳಿಕೆ. ಅಮೆರಿಕದಲ್ಲಿ ಹಾಗಿದೆ. ಅಲ್ಲಿ ಐಆರ್‌ಎ ಅನ್ನುವ ನಿವೃತ್ತಿ ಖಾತೆಗೆ ಏಪ್ರಿಲ್ 15ರ ಸುಮಾರಿನ ರಿಟರ್ನ್ ಗಡುವಿನವರೆಗೂ ಹಿಂದಿನ ವರ್ಷದ ಲೆಕ್ಕದಲ್ಲಿ ಹಣ ಕಟ್ಟಬಹುದು. ಅಲ್ಲಿರುವ ಅಳಿಯನೋ ತಮ್ಮನೋ ಹೇಳಿದ್ದು ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲೂ ಒಮ್ಮೆ ನಡೆದಿತ್ತು. ಕೊರೊನಾ ಬಂದಾಗ 2019-20ರ ಹೂಡಿಕೆಗೆ 2020ರ ಜುಲೈ 31ರವರೆಗೆ ಅವಕಾಶ ಕೊಟ್ಟಿದ್ದರು. ಆ ನೆನಪು ಇನ್ನೂ ಕೆಲವರ ತಲೆಯಲ್ಲಿ ಉಳಿದಿದೆ. ಅದು ಆ ಒಂದು ವರ್ಷದ ಮಾತು.

ಈ ಸಲ ಮಾರ್ಚ್ ಕೊನೆ ಕಷ್ಟದ್ದೇ ಇತ್ತು, ಒಪ್ಪುತ್ತೇನೆ. 30ಕ್ಕೆ ಭಾನುವಾರ, ಯುಗಾದಿ. 31ಕ್ಕೆ ರಂಜಾನ್. ಏಪ್ರಿಲ್ 1ಕ್ಕೆ ಬ್ಯಾಂಕಿನವರ ವಾರ್ಷಿಕ ಲೆಕ್ಕ. ಸರ್ಕಾರಿ ಲೆಕ್ಕದ ವ್ಯವಹಾರ ಮಾಡುವ ಶಾಖೆಗಳು 31ಕ್ಕೂ ತೆರೆದಿರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಆದರೆ ಊರಲ್ಲಿ ಬೇವು ಕುಡಿದು ಹೋಳಿಗೆ ಉಂಡು ಮಲಗಿದವರಿಗೆ ಅದು ಯಾರು ಹೇಳಬೇಕು? ತೆರಿಗೆ ಕಾನೂನಿಗೆ ಮಾತ್ರ ಹಬ್ಬ ಗೊತ್ತಿಲ್ಲ.

ಹಾಗಾದರೆ ನಿಮ್ಮ 2024-25ರ ಲೆಕ್ಕ ಹೀಗೆ ನಿಲ್ಲುತ್ತದೆ. ಸಂಬಳ 9,60,000. ಹಳೆ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, ಮನೆ ಸಾಲದ ಬಡ್ಡಿ 1,47,600. ಇಷ್ಟು ಕಳೆದರೆ 7,60,000. ಇನ್ನು 80ಸಿ: ನಿಮ್ಮ ಪಾಲಿನ ಇಪಿಎಫ್ (ಸಂಬಳದಿಂದ ಕಡಿತವಾಗುವ ಭವಿಷ್ಯ ನಿಧಿ) 21,600, ಎಲ್‌ಐಸಿ 26,400, ಪಿಪಿಎಫ್ ಒಂದು ಲಕ್ಷ. ಒಟ್ಟು 1,48,000. (ಮನೆ ಸಾಲದ ಅಸಲು ನೀವು ಬರೆದಿಲ್ಲ. ಅದೂ 80ಸಿ ಒಳಗೇ ಬರುತ್ತದೆ. ನಿಮಗೆ 1,50,000ಕ್ಕೆ ಎರಡೇ ಸಾವಿರ ಕಡಿಮೆ ಇರುವುದರಿಂದ ಅದನ್ನು ಸೇರಿಸಿದರೂ ಉಳಿಯುವುದು ನಾಲ್ಕುನೂರು ಚಿಲ್ಲರೆ. ಸರ್ಟಿಫಿಕೇಟ್ ಕೈಯಲ್ಲಿದ್ದರೆ ಹಾಕಿ, ಇಲ್ಲದಿದ್ದರೆ ಅದಕ್ಕಾಗಿ ರಜೆ ಹಾಕಿ ಬ್ಯಾಂಕಿಗೆ ಓಡಬೇಡಿ.) ಉಳಿದ ಆದಾಯ 6,12,000. ತೆರಿಗೆ 34,900, ಸೆಸ್ 1,396, ಒಟ್ಟು 36,296.

ಇದರಲ್ಲಿ ಎನ್‌ಪಿಎಸ್ ಇಲ್ಲ. ಇರುವ ಹಾಗೂ ಇಲ್ಲ. 2024-25ರಲ್ಲಿ ಎನ್‌ಪಿಎಸ್‌ಗೆ ನಿಮ್ಮಿಂದ ಒಂದು ರೂಪಾಯಿಯೂ ಹೋಗಿಲ್ಲ. ಏಪ್ರಿಲ್ 3ರ ಐವತ್ತು ಸಾವಿರ 2025-26ರದ್ದು. ಅದು ಹೋಯಿತು ಅಂತಲೇ ಇಟ್ಟುಕೊಳ್ಳಿ. ಅದು ಇದ್ದಿದ್ದರೆ ತೆರಿಗೆ 25,896 ಆಗುತ್ತಿತ್ತು. ಯುಗಾದಿ ನಿಮಗೆ 10,400 ರೂಪಾಯಿ ಖರ್ಚು ತಂದಿತು ಅನ್ನಿ.

ಈಗ ತಮಾಷೆ ನೋಡಿ. ನಿಮ್ಮ ಫಾರ್ಮ್ 16ರಲ್ಲಿ ಪಿಪಿಎಫ್ ಒಂದು ಲಕ್ಷ ಅಂತಿದೆ, ಎನ್‌ಪಿಎಸ್ ಐವತ್ತು ಸಾವಿರ ಅಂತಿದೆ. ಎರಡನ್ನೂ ಅವರು ಏಪ್ರಿಲ್ 2025ರ ಹಣದ ಭರವಸೆ ಮೇಲೆ ಹಾಕಿದ್ದು. ಆದರೂ ಪಿಪಿಎಫ್ ಅಂಕಿ ಸರಿಯಾಗಿಯೇ ಇದೆ, ಕಾರಣ ಮಾತ್ರ ಬೇರೆ. ಎನ್‌ಪಿಎಸ್ ಅಂಕಿ ತಪ್ಪು. ರಿಟರ್ನ್ ಹಾಕಲು ಆದಾಯ ತೆರಿಗೆ ಪೋರ್ಟಲ್ ತೆರೆದಾಗ ಫಾರ್ಮ್ 16ರ ಅಂಕಿಗಳು ತಾವಾಗಿ ತುಂಬಿಕೊಂಡಿರುತ್ತವೆ. ಅಲ್ಲೇ ಜನ ಎಡವುವುದು. 'ಅದೇ ತೋರಿಸಿತು ಸಾರ್, ನಾನು ಮುಂದಕ್ಕೆ ಒತ್ತಿದೆ' ಅನ್ನುತ್ತಾರೆ. ತುಂಬಿದ್ದು ಪೋರ್ಟಲ್ ಆದರೂ ಸಹಿ ನಿಮ್ಮದು. 80ಸಿಸಿಡಿ(1ಬಿ) ಮುಂದಿನ ಐವತ್ತು ಸಾವಿರ ಅಳಿಸಿ ಸೊನ್ನೆ ಹಾಕಿ. ಫಾರ್ಮ್ 16ಕ್ಕೂ ರಿಟರ್ನ್‌ಗೂ ಅಂಕಿ ಹೊಂದಲಿಲ್ಲ ಅಂತ ಹೆದರಬೇಡಿ. ಫಾರ್ಮ್ 16 ಕಂಪನಿಯ ಲೆಕ್ಕ, ರಿಟರ್ನ್ ನಿಮ್ಮ ಲೆಕ್ಕ. ನೀವು ಜಾಸ್ತಿ ತೆರಿಗೆ ಕಟ್ಟುವ ಕಡೆಗೆ ತಿದ್ದಿದರೆ ತಕರಾರು ಬರುವುದಿಲ್ಲ. ಆಫೀಸಿಗೆ ಹೋಗಿ ಹೊಸ ಫಾರ್ಮ್ 16 ಕೊಡಿ ಅಂತ ಜಗಳ ಆಡುವ ಅಗತ್ಯವೂ ಇಲ್ಲ.

ಇನ್ನೊಂದು ಗಮನಿಸಿ. ಈ ವರ್ಷದ ರಿಟರ್ನ್ ಫಾರ್ಮ್‌ನಲ್ಲಿ 80ಸಿ ಅಂತ ಒಟ್ಟು ಮೊತ್ತ ಬರೆದು ಪಾರಾಗುವ ಹಾಗಿಲ್ಲ. ಪಿಪಿಎಫ್‌ಗೆ ಖಾತೆ ಸಂಖ್ಯೆ, ಎಲ್‌ಐಸಿಗೆ ಪಾಲಿಸಿ ಸಂಖ್ಯೆ, ಹೀಗೆ ಒಂದೊಂದಕ್ಕೂ ವಿವರ ಕೇಳುತ್ತಿದೆ. ಖಾತೆ ಸಂಖ್ಯೆ ಕೊಟ್ಟ ಮೇಲೆ ಆ ಖಾತೆಗೆ ಯಾವ ದಿನ ಹಣ ಬಿತ್ತು ಅಂತ ಪರೀಕ್ಷಿಸುವುದು ಎಷ್ಟು ಹೊತ್ತಿನ ಕೆಲಸ? 'ಯಾರೂ ಕೇಳಲಿಲ್ಲ' ಅನ್ನುವ ಧೈರ್ಯ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಧೈರ್ಯ.

ನಿಮ್ಮ ಸಂಬಳದಿಂದ ಮೊದಲೇ ಹಿಡಿದ ತೆರಿಗೆ, ಅಂದರೆ ಟಿಡಿಎಸ್, 25,896. ಕಟ್ಟಬೇಕಾದ್ದು 36,296. ವ್ಯತ್ಯಾಸ 10,400, ಮೇಲೆ ಬಡ್ಡಿ. ಟಿಡಿಎಸ್ ಕಳೆದು ಉಳಿದ ತೆರಿಗೆ ಹತ್ತು ಸಾವಿರ ದಾಟಿದರೆ ಮುಂಗಡ ತೆರಿಗೆ ಕಟ್ಟಿಲ್ಲ ಅಂತ 234ಬಿ, 234ಸಿ ಎಂಬ ಎರಡು ಬಡ್ಡಿ ಬೀಳುತ್ತವೆ. ನೀವು ನಾಲ್ಕುನೂರು ರೂಪಾಯಿಯಲ್ಲಿ ಆ ಗೆರೆ ದಾಟಿದ್ದೀರಿ. ಅಂದಹಾಗೆ, ಆಗಲೇ ಹೇಳಿದ ಮನೆ ಸಾಲದ ಅಸಲಿನ ಎರಡು ಸಾವಿರ ಸೇರಿಸಿದರೆ ಬಾಕಿ 9,984ಕ್ಕೆ ಇಳಿದು ಈ ಬಡ್ಡಿಯೇ ಬೀಳುವುದಿಲ್ಲ. ಹಾಗಾಗಿ ಮಾತು ಬದಲಿಸುತ್ತೇನೆ: ಸರ್ಟಿಫಿಕೇಟಿಗೆ ಬ್ಯಾಂಕಿಗೆ ಹೋಗಿ, ರಜೆ ಹಾಕಿಯಾದರೂ ಸರಿ. ಸಿಗದೇ ಹೋದರೆ ಆಗಸ್ಟ್ ಒಳಗೆ ಕಟ್ಟಿದರೂ ಎರಡೂ ಬಡ್ಡಿ ಸೇರಿ ಸಾವಿರ ರೂಪಾಯಿಯ ಆಸುಪಾಸು.

ಹೊಸ ಪದ್ಧತಿಗೆ ಹಾರಿಬಿಡಲೇ ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಡಿಡಕ್ಷನ್ ಕಳೆದುಕೊಂಡವರು ಮೊದಲು ಮಾಡಬೇಕಾದ ಲೆಕ್ಕವೇ ಅದು. 2024-25ಕ್ಕೆ ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000. ಮನೆ ಬಡ್ಡಿ, 80ಸಿ, ಎನ್‌ಪಿಎಸ್‌ಗೆ ನೀವಾಗಿ ಕಟ್ಟಿದ್ದು, ಯಾವುದೂ ಇಲ್ಲ. ಆದಾಯ 8,85,000, ಸೆಸ್ ಸೇರಿ ತೆರಿಗೆ 40,040. ಹಳೆಯದರಲ್ಲಿ 36,296. ಇನ್ನೂ ಹಳೆಯದೇ 3,744 ರೂಪಾಯಿ ಅಗ್ಗ. ಆದರೆ ಇದು ನಿಂತಿರುವುದು ಏಪ್ರಿಲ್ 2024ರ ಆ ಒಂದು ಲಕ್ಷದ ಮೇಲೆ. ಅದನ್ನು ತೆಗೆದರೆ ಹಳೆಯದರಲ್ಲಿ 57,096 ಆಗಿ ಹೊಸದೇ ಗೆಲ್ಲುತ್ತದೆ. ಮಾರ್ಚ್ ತಪ್ಪಿಸಿಕೊಂಡ ಬೇರೆ ಓದುಗರು, ನಿಮಗೆ ಇವರ ಹಾಗೆ ಹಿಂದಿನ ಏಪ್ರಿಲ್‌ನ ಹಣ ಇಲ್ಲದಿದ್ದರೆ, ಹಳೆ ಪದ್ಧತಿಯ ಮೋಹ ಬಿಟ್ಟು ಎರಡನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಎಷ್ಟೋ ಸಲ ತಪ್ಪಿದ ಕಂತಿಗೆ ಇದೇ ಮದ್ದು.

ಒಂದು ಷರತ್ತಿದೆ. ಸಂಬಳದವರು ಹಳೆ ಪದ್ಧತಿ ಬೇಕು ಅಂದರೆ ಗಡುವಿನ ಒಳಗೇ ರಿಟರ್ನ್ ಹಾಕಬೇಕು. ಈ ವರ್ಷ ಜುಲೈ 31ರ ಗಡುವನ್ನು 2025ರ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದಾರೆ. ಅದು ದಾಟಿದರೆ ಡಿಸೆಂಬರ್ 31ರವರೆಗೆ ತಡವಾಗಿ ಹಾಕಬಹುದು, ಆದರೆ ಹೊಸ ಪದ್ಧತಿಯಲ್ಲಿ ಮಾತ್ರ. ಆಗ ನಿಮಗೆ 40,040, ಜೊತೆಗೆ ತಡವಾಗಿದ್ದಕ್ಕೆ 5,000. ಮಾರ್ಚ್ ಗಡುವು ತಪ್ಪಿಸಿಕೊಂಡಿರಿ, ಸೆಪ್ಟೆಂಬರ್‌ನದ್ದನ್ನಾದರೂ ಹಿಡಿಯಿರಿ. ಹಾಕಿದ ಮೇಲೆ 30 ದಿನದ ಒಳಗೆ ಆಧಾರ್ ಒಟಿಪಿಯಲ್ಲಿ ವೆರಿಫೈ ಮಾಡದಿದ್ದರೆ ಹಾಕಿದ್ದೂ ಹಾಕದ ಹಾಗೆಯೇ.

ಇಷ್ಟು ಸುಲಭದ ಭಾಗ. ಇನ್ನು ಹೋದ ವರ್ಷದ್ದು.

ಇಲ್ಲಿ ನೀವೊಂದು ಸಲೀಸಾದ ಯೋಚನೆ ಮಾಡಬಹುದು. ಏಪ್ರಿಲ್ 2024ರ ಲಕ್ಷವನ್ನು ಹೋದ ವರ್ಷವೇ ತೋರಿಸಿಯಾಗಿದೆ. ಈ ವರ್ಷ ತೋರಿಸದೆ ಸುಮ್ನೆ ಹೊಸ ಪದ್ಧತಿಯಲ್ಲಿ 40,040 ಕಟ್ಟಿಬಿಟ್ಟರೆ ಅಲ್ಲಿಗಲ್ಲಿಗೆ ಸರಿಹೋಯಿತಲ್ವಾ? ಹೋಗಲಿಲ್ಲ. ಎರಡು ವರ್ಷದ ಲೆಕ್ಕ ಬೇರೆ ಬೇರೆ. ಈ ವರ್ಷ ನೀವು ಬಿಟ್ಟುಕೊಟ್ಟದ್ದು ಹೋದ ವರ್ಷದ ಬಾಕಿಗೆ ಜಮೆ ಆಗುವುದಿಲ್ಲ. ಜೊತೆಯವರು ಹೇಳಿದ ಹಾಗೆ ಏಪ್ರಿಲ್ 2025ರದ್ದನ್ನು ಈ ವರ್ಷಕ್ಕೆ ಎಳೆದುಕೊಂಡರೆ ಎರಡನೇ ವರ್ಷವೂ ಸುಳ್ಳು ಲೆಕ್ಕ ಬರೆದ ಹಾಗಾಯಿತು. ಮೊದಲನೆಯದಕ್ಕೆ 'ಗೊತ್ತಾಗಲಿಲ್ಲ' ಅನ್ನಬಹುದಿತ್ತು. ಎರಡನೆಯದಕ್ಕೆ ಹಾಗನ್ನಲು ಬಾಯಿ ಬರುವುದಿಲ್ಲ.

2023-24ರಲ್ಲಿ ನೀವು ತೋರಿಸಿದ್ದು ಹೀಗಿತ್ತು. ಸಂಬಳ 9,00,000. ಸ್ಟ್ಯಾಂಡರ್ಡ್ ಡಿಡಕ್ಷನ್, ವೃತ್ತಿ ತೆರಿಗೆ, ಮನೆ ಬಡ್ಡಿ 1,51,600 ಕಳೆದು 6,96,000. 80ಸಿ ಪೂರ್ತಿ 1,50,000. ಅದರಲ್ಲಿ ಇಪಿಎಫ್, ಎಲ್‌ಐಸಿ ಸೇರಿ 48,000, ಮಗಳ 2,000, ಉಳಿದದ್ದು ಆ ಒಂದು ಲಕ್ಷ. ಆ ವರ್ಷ ಎನ್‌ಪಿಎಸ್ ಫೆಬ್ರುವರಿಯಲ್ಲೇ ಕಟ್ಟಿದ್ದಿರಿ, ಅದು ಸರಿ. ಉಳಿದ ಆದಾಯ 4,96,000. ಹಳೆ ಪದ್ಧತಿಯಲ್ಲಿ ಐದು ಲಕ್ಷದ ಒಳಗಿದ್ದರೆ 87ಎ ರಿಬೇಟ್, ಅಂದರೆ ತೆರಿಗೆ ಮಾಫಿ, ಬಂದು ತೆರಿಗೆ ಸೊನ್ನೆ. ನಿಮಗೂ ಸೊನ್ನೆ ಆಗಿತ್ತು.

ಒಂದು ಲಕ್ಷ ತೆಗೆದರೆ ಆದಾಯ 5,96,000. ಐದು ಲಕ್ಷದ ಗೆರೆ ದಾಟಿದ ತಕ್ಷಣ ರಿಬೇಟ್ ಪೂರ್ತಿ ಮಾಯ. ಬರೀ 96,000ದ ಮೇಲೆ ತೆರಿಗೆ ಬೀಳುತ್ತದೆ ಅಂದುಕೊಂಡವರಿಗೆ ಇಲ್ಲಿ ಪೆಟ್ಟು. ಎರಡೂವರೆ ಲಕ್ಷದಿಂದ ಮೇಲಿನ ಎಲ್ಲಕ್ಕೂ ಲೆಕ್ಕ ಶುರುವಾಗುತ್ತದೆ. ತೆರಿಗೆ 31,700, ಸೆಸ್ 1,268, ಒಟ್ಟು 32,968. ನಾಲ್ಕು ದಿನ ತಡವಾದದ್ದಕ್ಕೆ ಇಷ್ಟು. ನಿಮಗೆ ಉರಿಯುತ್ತದೆ, ಗೊತ್ತು.

ಇದನ್ನು ಸರಿ ಮಾಡಲು ಸಾದಾ ದಾರಿ ಪರಿಷ್ಕೃತ ರಿಟರ್ನ್. ಅದರ ಬಾಗಿಲು 2025ರ ಜನವರಿ 15ಕ್ಕೆ ಮುಚ್ಚಿತು. ಆಗ ಬಂದಿದ್ದರೆ ತೆರಿಗೆ, ಬಡ್ಡಿ ಮಾತ್ರ ಆಗುತ್ತಿತ್ತು. ಈಗ ಉಳಿದಿರುವುದು ಐಟಿಆರ್-ಯು, ಅಂದರೆ ತಡವಾಗಿ ತಪ್ಪು ಒಪ್ಪಿಕೊಳ್ಳುವವರಿಗೆ ಇಟ್ಟಿರುವ ಹಿಂಬಾಗಿಲು. ಅದರಲ್ಲಿ ಹೋಗಲು ಸುಂಕ ಇದೆ. ಅಸೆಸ್‌ಮೆಂಟ್ ವರ್ಷ (ಸಂಬಳ ತಗೊಂಡ ವರ್ಷದ ಮುಂದಿನದು) ಮುಗಿದು 12 ತಿಂಗಳ ಒಳಗಾದರೆ ತೆರಿಗೆ ಮತ್ತು ಬಡ್ಡಿಯ ಮೇಲೆ 25% ಹೆಚ್ಚುವರಿ. ಎರಡನೇ ವರ್ಷದಲ್ಲಿ 50%, ಮೂರನೇ ವರ್ಷದಲ್ಲಿ 60%, ನಾಲ್ಕನೆಯದರಲ್ಲಿ 70%. ಮೊದಲು ಎರಡೇ ವರ್ಷ ಇತ್ತು, 2025ರ ಬಜೆಟ್ಟಿನಲ್ಲಿ ನಾಲ್ಕಕ್ಕೆ ಏರಿಸಿದರು. ನಿಮ್ಮದು 2024-25ರ ಅಸೆಸ್‌ಮೆಂಟ್ ವರ್ಷ, ಅದು ಮುಗಿದಿದ್ದು 2025ರ ಮಾರ್ಚ್ 31ಕ್ಕೆ. ಹಾಗಾಗಿ 25%ರ ದರ ನಿಮಗೆ 2026ರ ಮಾರ್ಚ್ 31ರವರೆಗೆ. ಮತ್ತೆ ಮಾರ್ಚ್ 31!

ಈ ಆಗಸ್ಟ್‌ನಲ್ಲೇ ಹಾಕಿದರೆ ಲೆಕ್ಕ ಎಷ್ಟಾಗುತ್ತದೆ? ತೆರಿಗೆ 32,968. 234ಬಿ ಬಡ್ಡಿ ತಿಂಗಳಿಗೆ 1%, 2024ರ ಏಪ್ರಿಲ್‌ನಿಂದ 17 ತಿಂಗಳು, ಸುಮಾರು 5,600. 234ಸಿ ಬಡ್ಡಿ ಸುಮಾರು 1,650. ಎಲ್ಲ ಸೇರಿದ್ದರ 25% ಅಂದರೆ ಸುಮಾರು 10,000. ಒಟ್ಟು 50,000ದ ಸುತ್ತಮುತ್ತ. ಪೋರ್ಟಲ್ ತೋರಿಸುವ ಅಂಕಿಯನ್ನೇ ಕಟ್ಟಿ. ಮುಂದಿನ ಏಪ್ರಿಲ್‌ಗೆ ತಳ್ಳಿದರೆ ಬಡ್ಡಿಯೂ ಬೆಳೆದು, ದರವೂ 50% ಆಗಿ, ಸುಮಾರು 64 ಸಾವಿರ ಆಗುತ್ತದೆ.

ಕಟ್ಟದೇ ಕೂತರೆ? ಇಲಾಖೆಯೇ ಕಂಡುಹಿಡಿದರೆ ತೆರಿಗೆ, ಬಡ್ಡಿ ಹೇಗೂ ಇದೆ. ಅದರ ಮೇಲೆ 270ಎ ಕಲಂ. ಆದಾಯ ಕಡಿಮೆ ತೋರಿಸಿದ್ದಕ್ಕೆ ಆ ತೆರಿಗೆಯ 50% ದಂಡ, ತಪ್ಪು ವಿವರ ಕೊಟ್ಟು ಕಡಿಮೆ ಮಾಡಿದ್ದು ಅಂತಾದರೆ 200%. ಆ ವರ್ಷದ ಅಸೆಸ್‌ಮೆಂಟ್‌ಗೆ ನೋಟಿಸ್ ಬಂದು ವಿಚಾರಣೆ ಶುರುವಾಯಿತೋ, ಐಟಿಆರ್-ಯು ಬಾಗಿಲೂ ಮುಚ್ಚಿದ ಹಾಗೆ. ಮಾರ್ಚ್ ಕೊನೆ ವಾರ ಬಳ್ಳಾರಿಯಲ್ಲಿ ನನ್ನ ಟೇಬಲ್ ಮುಂದೆ ಕೂತು 'ನೋಟಿಸ್ ಬಂದ ಮೇಲೆ ನೋಡಿದರಾಯಿತು ಬಿಡಿ ಸಾರ್' ಅನ್ನುವವರಿಗೆ ನಾನು ಹೇಳುವುದು ಇದನ್ನೇ. ನೋಟಿಸ್ ಬಂದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ.

ಐಟಿಆರ್-ಯು ಹಾಕುವಾಗ ಎರಡು ಮಾತು ನೆನಪಿರಲಿ. ಒಂದು ವರ್ಷಕ್ಕೆ ಒಂದೇ ಸಲ ಹಾಕಬಹುದು, ತಪ್ಪಿದರೆ ತಿದ್ದುವ ಹಾಗಿಲ್ಲ. ಹಾಗಾಗಿ ಆ ವರ್ಷದ ಬೇರೆ ಏನಾದರೂ ಬಿಟ್ಟುಹೋಗಿದ್ದರೆ, ಎಫ್‌ಡಿ ಬಡ್ಡಿಯೋ ಇನ್ನೊಂದೋ, ಎಐಎಸ್ (ನಿಮ್ಮ ಆದಾಯದ ಬಗ್ಗೆ ಇಲಾಖೆ ಬಳಿ ಇರುವ ಪಟ್ಟಿ) ಡೌನ್‌ಲೋಡ್ ಮಾಡಿ ನೋಡಿ ಅದನ್ನೂ ಒಟ್ಟಿಗೆ ಸೇರಿಸಿ. ಇನ್ನೊಂದು, ಇದರಲ್ಲಿ ರೀಫಂಡ್ ಕೇಳಲಾಗದು, ತೆರಿಗೆ ಕಡಿಮೆಯೂ ಮಾಡಿಕೊಳ್ಳಲಾಗದು. ಜಾಸ್ತಿ ಕಟ್ಟುವವರಿಗಷ್ಟೇ ಇದು.

ಹಣ ಕಟ್ಟುವಾಗ ಚಲನ್‌ನಲ್ಲಿ ಅಸೆಸ್‌ಮೆಂಟ್ ವರ್ಷ ನೋಡಿ ಒತ್ತಿ. ಹೋದ ವರ್ಷದ ತಪ್ಪಿಗೆ 2024-25, ಈ ವರ್ಷದ ಬಾಕಿಗೆ 2025-26. ಎರಡು ಬೇರೆ ಬೇರೆ ಚಲನ್. ಆಗಲೇ ಹೇಳಿದ ಹಾಗೆ, ಅದು ಸಂಬಳ ತಗೊಂಡ ವರ್ಷದ ಮುಂದಿನದು. ಓದಿದವರೂ ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಎರಡು ಹೆಸರು ಹೋಗಿ 'ತೆರಿಗೆ ವರ್ಷ' ಅಂತ ಒಂದೇ ಆಗುತ್ತದೆ. ನನ್ನ ಮಟ್ಟಿಗೆ ಅದು ಆ ಕಾಯ್ದೆಯ ದೊಡ್ಡ ಉಪಕಾರ. ಆದರೆ ನಿಮ್ಮ ಈ ಎರಡು ವರ್ಷಕ್ಕೆ ಹಳೆಯ ಹೆಸರೇ.

ಯಾವುದು ಮೊದಲು? ಐಟಿಆರ್-ಯು ಮೊದಲು ಹಾಕಿ, ಆಮೇಲೆ ಈ ವರ್ಷದ್ದು. ಕಾನೂನು ಹಾಗೇ ಮಾಡಬೇಕು ಅನ್ನುವುದಿಲ್ಲ. ಆದರೆ ಒಂದೇ ಲಕ್ಷ ಎರಡು ವರ್ಷದ ರಿಟರ್ನ್‌ನಲ್ಲಿ ಒಂದು ದಿನವೂ ಒಟ್ಟಿಗೆ ಕೂತಿರುವುದು ನನಗೆ ಇಷ್ಟ ಇಲ್ಲ. ಒಂದೇ ವಾರದಲ್ಲಿ ಅಷ್ಟು ಹಣ ಹೊಂದಿಸಲು ಆಗದಿದ್ದರೆ ಮಾತ್ರ ಸೆಪ್ಟೆಂಬರ್ 15ರ ರಿಟರ್ನ್ ಮೊದಲು ಮುಗಿಸಿ, ಮುಂದಿನ ಒಂದೆರಡು ತಿಂಗಳಲ್ಲಿ ಐಟಿಆರ್-ಯು ಹಾಕಿ. ಈ ವರ್ಷದ ರಿಟರ್ನ್‌ನಲ್ಲಿ ಏನಾದರೂ ತಪ್ಪಿದರೆ ಡಿಸೆಂಬರ್ 31ರವರೆಗೆ ಯಾವ ಶುಲ್ಕವೂ ಇಲ್ಲದೆ ಪರಿಷ್ಕರಿಸಬಹುದು.

ಇನ್ನು ಏಪ್ರಿಲ್ 3, 2025ಕ್ಕೆ ಹೋದ ಒಂದೂವರೆ ಲಕ್ಷ. ಅದು 2025-26ರ ಲೆಕ್ಕಕ್ಕೆ ಬಂತು. ಪಿಪಿಎಫ್‌ಗೆ ವರ್ಷಕ್ಕೆ 1,50,000 ಮಿತಿ, ನೀವು ಆಗಲೇ ಒಂದು ಲಕ್ಷ ಹಾಕಿದ್ದೀರಿ. ಮುಂದಿನ ಮಾರ್ಚ್‌ನಲ್ಲಿ 'ಈ ವರ್ಷದ್ದು' ಅಂತ ಮತ್ತೊಂದು ಲಕ್ಷ ಕಟ್ಟಲು ಹೋಗಬೇಡಿ. ಉಳಿದಿರುವುದು ಐವತ್ತು ಸಾವಿರ ಮಾತ್ರ. ಮಿತಿ ಮೀರಿದ್ದಕ್ಕೆ ಬಡ್ಡಿಯೂ ಇಲ್ಲ, ವಿನಾಯಿತಿಯೂ ಇಲ್ಲ.

ಆದರೆ ಒಂದು ವಿಚಿತ್ರ ಇದೆ. 2025-26ಕ್ಕೆ ನಿಮಗೆ ಆ ವಿನಾಯಿತಿ ಬೇಕಾಗಿಯೇ ಇಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಬಂದು ತೆರಿಗೆ ಸೊನ್ನೆ. ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿಸಿದರೆ 12,75,000ದವರೆಗಿನ ಸಂಬಳಕ್ಕೆ. ನಿಮ್ಮ ಸಂಬಳ ಈ ವರ್ಷ ಹತ್ತು ಲಕ್ಷ ಮುಟ್ಟಿದರೂ ಒಂದು ರೂಪಾಯಿ ತೆರಿಗೆ ಇಲ್ಲ. ಹಳೆ ಪದ್ಧತಿಯಲ್ಲಿ ಮನೆ ಬಡ್ಡಿ, ಪಿಪಿಎಫ್, ಎನ್‌ಪಿಎಸ್ ಎಲ್ಲ ತೋರಿಸಿದರೂ ಸೊನ್ನೆಗೆ ಬರುವುದು ಕಷ್ಟ. ಆಫೀಸಿನಲ್ಲಿ ಹಳೆಯದು ಬೇಕು ಅಂತ ಬರೆದುಕೊಟ್ಟಿದ್ದರೆ ಹೊಸದಕ್ಕೆ ಬದಲಿಸಲು ಹೇಳಿ, ಸುಮ್ನೆ ಟಿಡಿಎಸ್ ಕೊಟ್ಟು ಆಮೇಲೆ ರೀಫಂಡಿಗೆ ಕಾಯುವುದು ಯಾಕೆ?

ಹಾಗಂತ ಪಿಪಿಎಫ್ ನಿಲ್ಲಿಸಬೇಡಿ. ಮೊದಲ ವಾರದಲ್ಲಿ ಕಟ್ಟುವ ನಿಮ್ಮ ಅಭ್ಯಾಸ, ತೆರಿಗೆ ಲೆಕ್ಕದಲ್ಲಿ ಎಡವಟ್ಟಾದರೂ ಬಡ್ಡಿ ಲೆಕ್ಕದಲ್ಲಿ ಜಾಣತನ. ಪಿಪಿಎಫ್‌ನಲ್ಲಿ ತಿಂಗಳ 5ನೇ ತಾರೀಕಿನಿಂದ ಕೊನೆಯವರೆಗೆ ಇದ್ದ ಕನಿಷ್ಠ ಮೊತ್ತದ ಮೇಲೆ ಬಡ್ಡಿ. ಏಪ್ರಿಲ್ 5ರೊಳಗೆ ಹಾಕಿದ ಲಕ್ಷಕ್ಕೆ 2025-26ರ 7.1%ರಂತೆ ವರ್ಷಪೂರ್ತಿ ಬಡ್ಡಿ, 7,100 ರೂಪಾಯಿ. ಅದೇ ಲಕ್ಷವನ್ನು ಮಾರ್ಚ್ 28ಕ್ಕೆ ಓಡಿಹೋಗಿ ಕಟ್ಟಿದವರಿಗೆ ಆ ವರ್ಷ ಅದರ ಮೇಲೆ ಒಂದು ಪೈಸೆಯೂ ಇಲ್ಲ. ಅವರು ಮಾರ್ಚ್‌ನಲ್ಲಿ ಕಟ್ಟಿ ತೆರಿಗೆ ಉಳಿಸಿದೆವು ಅನ್ನುತ್ತಾರೆ, ಬಡ್ಡಿ ಹೋದದ್ದು ಲೆಕ್ಕಕ್ಕೆ ತರುವುದಿಲ್ಲ. ನೀವು ಏಪ್ರಿಲ್ ಮೊದಲ ವಾರವನ್ನೇ ಗಟ್ಟಿ ಮಾಡಿಕೊಳ್ಳಿ. ಪಾಸ್‌ಬುಕ್ಕಿನಲ್ಲಿ ಆ ಸಾಲಿನ ಪಕ್ಕ, ಮಗಳ ಹುಟ್ಟುಹಬ್ಬದ ಸಾಲಿಗೆ ಬರೆದ ಹಾಗೆಯೇ, ಯಾವ ವರ್ಷದ್ದು ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ.